ಕೆನಡಾದ ಪ್ರೇರಿ ಬಯಲಿನ ಆಡುಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾ ಅಂದರೆ ಟೊರಾಂಟೊ ಒಂದೇ ಅಲ್ಲ. ಕ್ಯಾಲ್ಗರಿ, ಸಸ್ಕಟೂನ್, ರಿಜೈನಾ, ವಿನ್ನಿಪೆಗ್ ಕಡೆಗೂ ನಮ್ಮವರು ಓದೋಕೆ, ಕೆಲಸಕ್ಕೆ ಬರುತ್ತಿದ್ದಾರೆ. ಬಂದವರಿಗೆ ಇಂಗ್ಲಿಷ್ ಬರುತ್ತದೆ, ಪರೀಕ್ಷೆ ಪಾಸಾಗಿಯೇ ಬಂದಿರುತ್ತಾರೆ. ಆದರೂ ಇಲ್ಲಿನವರು ಮಾತಾಡೋದು ಅರ್ಧ ತಲೆಗೆ ಹೋಗೋದಿಲ್ಲ. ಹೊಸಬರು ನನ್ನ ಹತ್ತಿರ ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನಿರೋದು ಸಸ್ಕ್ಯಾಚುವನ್‌ನಲ್ಲಿ, ಹಾಗಾಗಿ ಈ ಕಡೆಯ ಮಾತೇ ಸ್ವಲ್ಪ ಜಾಸ್ತಿ ಬರುತ್ತದೆ.

ಪ್ರೇರಿ ಅಂದರೆ ಯಾವ ಜಾಗ?

ಆಲ್ಬರ್ಟಾ, ಸಸ್ಕ್ಯಾಚುವನ್, ಮ್ಯಾನಿಟೋಬಾ. ಈ ಮೂರು ಪ್ರಾಂತ್ಯ ಸೇರಿ ಪ್ರೇರಿ ಪ್ರಾಂತ್ಯಗಳು. ಮ್ಯಾನಿಟೋಬಾ 1870ರಲ್ಲಿ ಪ್ರಾಂತ್ಯವಾಯಿತು, ಉಳಿದೆರಡು 1905ರಲ್ಲಿ. ಉತ್ತರಕ್ಕೆ ಹೋದರೆ ಕಾಡು, ಸರೋವರ. ದಕ್ಷಿಣದ ಅರ್ಧದಲ್ಲಿ ಗೋಧಿ, ಕನೋಲಾ ಅನ್ನುವ ಎಣ್ಣೆಕಾಳು, ಬಟಾಣಿ ಬೆಳೆಯುವ ಬಯಲು. ನಮ್ಮ ಅಂಗಡಿಗಳಲ್ಲಿ ಸಿಗುವ ಮಸೂರ್ ಬೇಳೆಯಲ್ಲೂ ಈ ನೆಲದ್ದು ಸಾಕಷ್ಟಿದೆ, ಕೆನಡಾದ ಮಸೂರ್‌ನಲ್ಲಿ ಬಹುಪಾಲು ಬೆಳೆಯೋದು ಸಸ್ಕ್ಯಾಚುವನ್‌ನಲ್ಲೇ.

ಹೆಸರು ಹೇಳುವ ರೀತಿ ಮೊದಲೇ ತಿಳಿದುಕೊಳ್ಳಿ. ಸಸ್ಕ್ಯಾಚುವನ್‌ನ ರಾಜಧಾನಿಯನ್ನು ರೆಜಿನಾ ಅನ್ನಬೇಡಿ, ರಿಜೈನಾ ಅನ್ನಿ.

ಎಲ್ಲಕ್ಕಿಂತ ಮೊದಲು ಯಾವ ಪದ ಕಲಿಯಬೇಕು?

ಚಳಿಗಾಲದ್ದು. ತಮಾಷೆ ಪದಗಳನ್ನು ಆಮೇಲೆ ಕಲಿಯಬಹುದು, ಇವು ಜೀವದ ಪ್ರಶ್ನೆ.

"ಪ್ಲಗ್ ಇನ್ ಮಾಡಿದ್ದೀಯಾ?" ಅಂತ ಕೇಳಿದರೆ ಫೋನ್ ಬಗ್ಗೆ ಅಲ್ಲ, ಕಾರಿನ ಬಗ್ಗೆ. ಇಲ್ಲಿನ ಕಾರುಗಳ ಮುಂದಿನ ಜಾಲರಿಯಿಂದ ಒಂದು ಮೋಟು ವೈರು, ತುದಿಗೆ ಮೂರು ಪಿನ್ನಿನ ಪ್ಲಗ್ಗು ನೇತಾಡುತ್ತಿರುತ್ತದೆ. ಅದು ಬ್ಲಾಕ್ ಹೀಟರ್‌ದು, ಅಂದರೆ ಎಂಜಿನ್ ಬೆಚ್ಚಗಿಡುವ ಹೀಟರ್‌ದು. ಮೈನಸ್ 15, 20ಕ್ಕೆ ಇಳಿಯುತ್ತದೆ ಅಂತ ಗೊತ್ತಾದರೆ ರಾತ್ರಿ ಅದನ್ನು ಕರೆಂಟಿಗೆ ಹಾಕಬೇಕು. ಇಲ್ಲದಿದ್ದರೆ ಎಂಜಿನ್ ಆಯಿಲ್ ಗಟ್ಟಿಯಾಗಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗೋದು ಕಷ್ಟ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಪ್ರತಿ ಜಾಗಕ್ಕೂ ಒಂದು ಗೂಟ, ಅದರಲ್ಲಿ ಸಾಕೆಟ್ ಇದ್ದರೆ ಅದು ಇದಕ್ಕೇ. ಮನೆ ನೋಡೋಕೆ ಹೋದಾಗ ಪಾರ್ಕಿಂಗ್ ಇದೆಯಾ ಅಂತ ಕೇಳಿ ಬಂದುಬಿಡಬೇಡಿ, ಪ್ಲಗ್ ಇರುವ ಪಾರ್ಕಿಂಗಾ ಅಂತ ಕೇಳಿ.

"ಸ್ಕ್ವೇರ್ ಟೈರ್ಸ್" ಅಂದರೆ ಚೌಕ ಟೈರು. ರಾತ್ರಿಯಿಡೀ ನಿಂತ ಗಾಡಿಯ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ ಹಾಗೇ ಸೆಟೆದುಕೊಂಡಿರುತ್ತದೆ. ಬೆಳಿಗ್ಗೆ ಹೊರಟಾಗ ಸ್ವಲ್ಪ ದೂರ ದಡ್ ದಡ್ ಅನ್ನುತ್ತದೆ. ಗಾಬರಿ ಬೇಡ, ಬಿಸಿಯಾದ ಮೇಲೆ ಸರಿಹೋಗುತ್ತದೆ.

"ವೈಟ್‌ಔಟ್" ಅಂದರೆ ಗಾಳಿಗೆ ಎದ್ದ ಹಿಮದಲ್ಲಿ ನೆಲ, ಆಕಾಶ, ರಸ್ತೆ ಎಲ್ಲಾ ಒಂದೇ ಬಿಳಿ. ಹೊಸ ಹಿಮ ಬೀಳಲೇಬೇಕು ಅಂತಿಲ್ಲ, ಬಿದ್ದದ್ದನ್ನೇ ಗಾಳಿ ಎಬ್ಬಿಸಿದರೂ ಸಾಕು. ಹಾಗಾದಾಗ ಊರಿಗೆ ಹೋಗೋಕಾಗದೆ ಯಾರದೋ ಮನೆಯಲ್ಲೋ ಮೋಟೆಲಿನಲ್ಲೋ ಉಳಿದುಕೊಂಡವರು "ಸ್ಟಾರ್ಮ್ ಸ್ಟೇಡ್". ಆಫೀಸಿಗೆ ಫೋನ್ ಮಾಡಿ ಈ ಮಾತು ಹೇಳಿದರೆ ಸಾಮಾನ್ಯವಾಗಿ ಯಾರೂ ಮರುಪ್ರಶ್ನೆ ಕೇಳೋದಿಲ್ಲ. ರಸ್ತೆಯಲ್ಲೇ ಸಿಕ್ಕಿಬಿದ್ದರೆ ಮಾತ್ರ ಕಾರು ಬಿಟ್ಟು ಇಳಿದು ನಡೆಯಬೇಡಿ. ಹಿಂದಿನ ಹೊಗೆಕೊಳವೆಗೆ ಹಿಮ ಮುಚ್ಚಿಕೊಂಡಿಲ್ಲ ಅಂತ ನೋಡಿಕೊಂಡು ಗಂಟೆಗೆ ಹತ್ತು ನಿಮಿಷದಂತೆ ಎಂಜಿನ್ ಓಡಿಸಿ. ಕಾರಿನಲ್ಲಿ ಕಂಬಳಿ, ಮೇಣದಬತ್ತಿ, ಸಲಿಕೆ ಇಟ್ಟುಕೊಂಡು ಓಡಾಡೋದು ಇಲ್ಲಿ ಎಲ್ಲರ ರೂಢಿ.

ಹವಾಮಾನದ ಬೇರೆ ಮಾತುಗಳು?

"ಶಿನೂಕ್" ದಕ್ಷಿಣ ಆಲ್ಬರ್ಟಾದ್ದು. ರಾಕಿ ಪರ್ವತ ಇಳಿದು ಬರುವ ಒಣ ಬಿಸಿಗಾಳಿ. ನಡುಚಳಿಗಾಲದಲ್ಲಿ ಕೆಲವೇ ಗಂಟೆಯಲ್ಲಿ 20 ಡಿಗ್ರಿ ಏರಿಸಿಬಿಡುತ್ತದೆ, ಹಿಮವೆಲ್ಲ ಮಾಯ. ಹಾಗಾಗಿ "ಸ್ನೋ ಈಟರ್", ಹಿಮ ತಿನ್ನೋದು ಅಂತಲೂ ಹೆಸರು. ಪಶ್ಚಿಮದ ಆಕಾಶದಲ್ಲಿ ಮೋಡ ಕಮಾನು ಕಟ್ಟಿದರೆ ಅದು ಶಿನೂಕ್ ಆರ್ಚ್. ಕ್ಯಾಲ್ಗರಿಯಲ್ಲಿ ಕೆಲವರಿಗೆ ಇದನ್ನು ಕಂಡಕೂಡಲೇ ತಲೆನೋವು ಶುರು.

"ಸನ್‌ಡಾಗ್" ಸೂರ್ಯನ ಎಡಬಲದಲ್ಲಿ ಕಾಣುವ ಇನ್ನೆರಡು ಮರಿಸೂರ್ಯ. ಗಾಳಿಯಲ್ಲಿ ತೇಲುವ ಮಂಜಿನ ಹರಳಿನಿಂದ ಆಗೋದು. ನೋಡೋಕೆ ತುಂಬಾ ಚಂದ, ಆದರೆ ಹೊರಗೆ ಕೊರೆಯುವ ಚಳಿ ಇದೆ ಅಂತಲೂ ತಿಳಿಯಿರಿ.

ಜಮೀನಿನ ವಿಳಾಸ ಕೇಳಿದರೆ ಬರೀ ಅಂಕಿ ಹೇಳುತ್ತಾರಲ್ಲ, ಹೇಗೆ ಓದೋದು?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ, ಯಾಕೆಂದರೆ ಇದು ತಿಳಿದರೆ ಇಡೀ ಬಯಲು ಅರ್ಥವಾಗುತ್ತದೆ.

1870ರ ದಶಕದಲ್ಲಿ ಸರ್ಕಾರ ಈ ನೆಲವನ್ನು ಅಳೆಸಿ ಚೌಕ ಚೌಕ ಮಾಡಿತು. ಒಂದು ಚದರ ಮೈಲಿ ಅಂದರೆ ಒಂದು "ಸೆಕ್ಷನ್", 640 ಎಕರೆ. ಅದರ ಕಾಲು ಭಾಗ "ಕ್ವಾರ್ಟರ್", 160 ಎಕರೆ. 36 ಸೆಕ್ಷನ್ ಸೇರಿದರೆ ಒಂದು "ಟೌನ್‌ಶಿಪ್". 1872ರ ಕಾನೂನಿನ ಪ್ರಕಾರ 10 ಡಾಲರ್ ಶುಲ್ಕ ಕಟ್ಟಿ, ಅಲ್ಲೇ ವಾಸ ಮಾಡಿ, ಉತ್ತು ತೋರಿಸಿದವರಿಗೆ ಒಂದು ಕ್ವಾರ್ಟರ್ ಸಿಗುತ್ತಿತ್ತು. ಇವತ್ತಿಗೂ ರೈತರು ಎಕರೆ ಲೆಕ್ಕ ಹೇಳೋದು ಕಡಿಮೆ. "ಅವನ ಹತ್ತಿರ ಹತ್ತು ಕ್ವಾರ್ಟರ್ ಇದೆ" ಅನ್ನುತ್ತಾರೆ. "ಹೋಮ್ ಕ್ವಾರ್ಟರ್" ಅಂದರೆ ಮನೆ ಇರುವ ಕ್ವಾರ್ಟರ್.

ಈಗ ಒಂದು ವಿಳಾಸ ಓದೋಣ. "ಎನ್‌ಡಬ್ಲ್ಯೂ 14-22-19 ಡಬ್ಲ್ಯೂ 2" ಅಂತ ಇದೆ ಅಂದುಕೊಳ್ಳಿ. ಎನ್‌ಡಬ್ಲ್ಯೂ ಅಂದರೆ ವಾಯವ್ಯದ ಕ್ವಾರ್ಟರ್. 14 ಸೆಕ್ಷನ್ ನಂಬರು. 22 ಅಂದರೆ ಅಮೆರಿಕದ ಗಡಿಯಿಂದ ಉತ್ತರಕ್ಕೆ ಎಣಿಸಿದರೆ 22ನೇ ಟೌನ್‌ಶಿಪ್, ಒಂದೊಂದೂ 6 ಮೈಲಿ. 19 ಅಂದರೆ ಪಶ್ಚಿಮಕ್ಕೆ ಎಣಿಸಿದ 19ನೇ ಸಾಲು, ಅದಕ್ಕೆ "ರೇಂಜ್" ಅನ್ನುತ್ತಾರೆ. ಡಬ್ಲ್ಯೂ 2 ಅಂದರೆ ಈ ಎಣಿಕೆ ಶುರುವಾಗೋದು ಎರಡನೇ ಮೆರಿಡಿಯನ್‌ನಿಂದ, ಅಂದರೆ 102 ಡಿಗ್ರಿ ರೇಖಾಂಶದಿಂದ ಪಶ್ಚಿಮಕ್ಕೆ. ಈ ಐದು ತುಣುಕು ಇದ್ದರೆ ನೂರಾರು ಮೈಲಿ ಖಾಲಿ ಬಯಲಿನಲ್ಲಿ ಒಂದು ಹೊಲ ಸಿಗುತ್ತದೆ, ಬೀದಿಯ ಹೆಸರೇ ಬೇಡ.

ಈ ಗೆರೆಗಳ ಮೇಲೆ ಹಾಕಿದ ಜಲ್ಲಿ ರಸ್ತೆಯೇ "ಗ್ರಿಡ್". ಸಸ್ಕ್ಯಾಚುವನ್‌ನಲ್ಲಿ ಉತ್ತರ ದಕ್ಷಿಣದ ಗೆರೆ ಮೈಲಿಗೊಂದು, ಪೂರ್ವ ಪಶ್ಚಿಮದ್ದು ಎರಡು ಮೈಲಿಗೊಂದು. ಎಲ್ಲಾ ಗೆರೆಯ ಮೇಲೂ ರಸ್ತೆ ಇರುತ್ತದೆ ಅಂತಲ್ಲ. "ಗ್ರಿಡ್ ಹಿಡಿದು ಉತ್ತರಕ್ಕೆ ಮೂರು ಮೈಲಿ, ಪೂರ್ವಕ್ಕೆ ಎರಡು" ಅಂತ ದಾರಿ ಹೇಳುತ್ತಾರೆ. ಎಡ ಬಲ ಅನ್ನೋದು ಅಪರೂಪ, ದಿಕ್ಕೇ ಹೇಳೋದು. ಅಳತೆ ಮೈಲಿಯದ್ದಾದ್ದರಿಂದ ದೇಶಕ್ಕೆಲ್ಲ ಕಿಲೋಮೀಟರ್ ಬಂದರೂ ಗ್ರಿಡ್ ಮೇಲೆ ಮೈಲಿಯೇ ಉಳಿದಿದೆ.

ನೆಟ್ಟಗೆ ಹೋಗುತ್ತಿದ್ದ ಗ್ರಿಡ್ ಕೆಲವು ಕಡೆ ಕಾರಣವೇ ಇಲ್ಲದಂತೆ ಪಕ್ಕಕ್ಕೆ ಸರಿದು ಮತ್ತೆ ನೆಟ್ಟಗಾಗುತ್ತದೆ. ಅದು "ಕರೆಕ್ಷನ್ ಲೈನ್". ಭೂಮಿ ದುಂಡಗಿದೆ, ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರ ಆಗುತ್ತವೆ, ಹಾಗಾಗಿ ಚೌಕ ಚೌಕವಾಗೇ ಉಳಿಯಬೇಕಾದರೆ 24 ಮೈಲಿಗೊಮ್ಮೆ ಗೆರೆಯನ್ನು ತಿದ್ದಬೇಕಾಯಿತು. ರಾತ್ರಿ ಹೊತ್ತು ಜೋರಾಗಿ ಬಂದರೆ ಕರೆಕ್ಷನ್ ಲೈನಿನಲ್ಲಿ ಸೀದಾ ಹೊಲಕ್ಕೇ ಇಳಿಯಬೇಕಾಗುತ್ತದೆ, ಹುಷಾರು.

ಇನ್ನೊಂದು ವಿಷಯ. ಗ್ರಿಡ್ ಮೇಲೆ ಎದುರು ಬರುವ ಟ್ರಕ್ಕಿನವರು ಸ್ಟೀರಿಂಗ್ ಮೇಲಿಂದಲೇ ತೋರುಬೆರಳು ಎತ್ತುತ್ತಾರೆ. ಅದು ನಮಸ್ಕಾರ. ನೀವೂ ಬೆರಳೆತ್ತಿ.

ಸ್ಲೂ, ಡಗೌಟ್, ಕೂಲೀ, ಬ್ಲಫ್ ಅಂದರೆ?

ಎಲ್ಲಾ ನೆಲದ ಆಕಾರಗಳು. ಮಂಜುಗಡ್ಡೆಯ ಯುಗ ಮುಗಿದಾಗ ಈ ಬಯಲಿನ ತುಂಬಾ ಸಣ್ಣ ಸಣ್ಣ ತಗ್ಗು ಉಳಿದವು. ಹಿಮ ಕರಗಿದ ನೀರು ಅಲ್ಲಿ ನಿಲ್ಲುತ್ತದೆ, ಬಾತುಕೋಳಿ ಬರುತ್ತವೆ. ಅದು "ಸ್ಲೂ". ಬರೆಯುವ ಅಕ್ಷರ ನೋಡಿ ಸ್ಲೌ ಅಂತ ಓದಿದರೆ ಹೊಸಬರು ಅಂತ ಗೊತ್ತಾಗುತ್ತದೆ. ಜನ ತೋಡಿದ್ದು "ಡಗೌಟ್", ಅಂದರೆ ನಮ್ಮ ಕೃಷಿ ಹೊಂಡವೇ. ನೀರು ಕೊರೆದ ಆಳದ ಕೊರಕಲು "ಕೂಲೀ", ಹರಿಯೋದು ಅನ್ನುವ ಫ್ರೆಂಚ್ ಮಾತಿನಿಂದ ಬಂದದ್ದು. ಇದನ್ನು ಕಣ್ಣಾರೆ ನೋಡಬೇಕಾದರೆ ಆಲ್ಬರ್ಟಾದ ಲೆತ್‌ಬ್ರಿಜ್‌ಗೆ ಹೋಗಿ, ಊರಿನ ನಡುವೆಯೇ ಇವೆ.

"ಬ್ಲಫ್" ಮಾತ್ರ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಬೇರೆ ಕಡೆ ಇಂಗ್ಲಿಷಿನಲ್ಲಿ ಅದು ಕಡಿದಾದ ದಿಬ್ಬ. ಇಲ್ಲಿ ಬಯಲಿನ ನಡುವೆ ಗುಂಪಾಗಿ ನಿಂತ ಮರಗಳ ತೋಪು. "ಬ್ಲಫ್ ಆಚೆ ಬಲಕ್ಕೆ ಮನೆ" ಅಂದರೆ ದಿಬ್ಬ ಹುಡುಕುತ್ತಾ ಹೋಗಬೇಡಿ. ಗಾಳಿ ತಡೆಯೋಕೆ ಜನ ಸಾಲಾಗಿ ನೆಟ್ಟ ಮರವಾದರೆ ಅದು "ಶೆಲ್ಟರ್‌ಬೆಲ್ಟ್".

ದನ ದಾಟದ ಹಾಗೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಕೊಳವೆಗಳ ಜಾಲರಿಗೆ "ಟೆಕ್ಸಾಸ್ ಗೇಟ್" ಅನ್ನುತ್ತಾರೆ. ಹೆಸರಲ್ಲಿ ಗೇಟ್ ಇದ್ದರೂ ತೆಗೆಯೋದು ಹಾಕೋದು ಏನೂ ಇಲ್ಲ, ಮೇಲೇ ಗಾಡಿ ಓಡಿಸಿ.

"ಗಂಬೋ" ತಿನ್ನುವ ಪದಾರ್ಥ ಅಲ್ವಾ?

ಅಮೆರಿಕದ ದಕ್ಷಿಣದಲ್ಲಿ ಹೌದು. ಇಲ್ಲಿ ಅದು ಮಣ್ಣು. ರಿಜೈನಾ ಸುತ್ತ, ಮ್ಯಾನಿಟೋಬಾದ ರೆಡ್ ನದಿ ಕಣಿವೆಯಲ್ಲಿ, ಹಿಂದೆ ಮಂಜುಗಡ್ಡೆ ಕರಗಿ ಆದ ದೊಡ್ಡ ಸರೋವರಗಳ ತಳದಲ್ಲಿ ಕೂತ ಜಿಗುಟು ಜೇಡಿ. ಧಾರವಾಡ, ಗದಗ, ಬಿಜಾಪುರದ ಕಡೆಯವರಿಗೆ ವಿವರಿಸೋದೇ ಬೇಡ, ನಮ್ಮ ಎರಿ ಮಣ್ಣಿನ ಹಾಗೇ. ಒಣಗಿದರೆ ಬಾಯಿ ಬಿಡುತ್ತದೆ, ನೆನೆದರೆ ಹೆಜ್ಜೆಗೊಂದು ಪದರ ಕಾಲಿಗೆ ಮೆತ್ತುತ್ತದೆ. ಇಲ್ಲಿ ಮನೆಯ ತಳಪಾಯ ಬಿರುಕು ಬಿಡೋದಕ್ಕೂ ಅದೇ ಕಾರಣ. ರಿಜೈನಾದಲ್ಲಿ ಮನೆ ಕೊಳ್ಳುವವರು ನೆಲಮಾಳಿಗೆಯ ಗೋಡೆ ತೋರಿಸಿಕೊಳ್ಳದೆ ಅಡ್ವಾನ್ಸ್ ಕೊಡಲೇಬೇಡಿ.

ಊರೇ ಇಲ್ಲದ ಕಡೆ ಎಲಿವೇಟರ್ ಯಾಕೆ?

ಅದು ಲಿಫ್ಟ್ ಅಲ್ಲ, ಧಾನ್ಯದ ಗೋಪುರ. ರೈಲು ಹಳಿ ಪಕ್ಕದಲ್ಲಿ ಎತ್ತರಕ್ಕೆ ನಿಂತಿರುತ್ತದೆ. ರೈತರು ತಂದು ಸುರಿದ ಕಾಳನ್ನು ಬಕೆಟ್ಟುಗಳ ಪಟ್ಟಿ ಮೇಲಕ್ಕೆ ಎತ್ತಿ ಕಣಜಕ್ಕೆ ಹಾಕುತ್ತದೆ, ಅಲ್ಲಿಂದ ರೈಲು ಡಬ್ಬಿಗೆ ಇಳಿಯುತ್ತದೆ. 1930ರ ದಶಕದಲ್ಲಿ ಇಂಥ ಮರದ ಗೋಪುರ ಪ್ರೇರಿಯಲ್ಲಿ 5,000ಕ್ಕೂ ಹೆಚ್ಚಿದ್ದವು. ಅದರ ಮೇಲೆ ಊರಿನ ಹೆಸರು ಬರೆದಿರುತ್ತಿತ್ತು, ಮೈಲಿಗಟ್ಟಲೆ ದೂರದಿಂದ ಓದಬಹುದಿತ್ತು. "ಪ್ರೇರಿಯ ಕಾವಲುಗಾರರು" ಅಂತ ಕರೆಯುತ್ತಿದ್ದರು. ಈಗ ಬಹುಪಾಲು ಕೆಡವಿದ್ದಾರೆ, ಅವುಗಳ ಬದಲು ಕೆಲವೇ ಕಡೆ ದೊಡ್ಡ ಕಾಂಕ್ರೀಟ್ ಕಣಜ ಬಂದಿವೆ. ಗೋಪುರ ಹೋದ ಮೇಲೆ ಅಂಗಡಿ, ಸ್ಕೂಲು ಮುಚ್ಚಿ ಊರೇ ಕರಗಿದ ಕಡೆಗಳೂ ಇವೆ. ಉಳಿದ ಒಂದೆರಡನ್ನಾದರೂ ಕಾಪಾಡಬೇಕು ಅನ್ನುವವರ ಜೊತೆ ನಾನಿದ್ದೇನೆ.

ಬನ್ನಿಹಗ್ ಅಂದರೆ ಮೊಲ ಅಪ್ಪಿಕೊಳ್ಳೋದಾ?

ಅಲ್ಲ. ಟೋಪಿ ಇರುವ, ಹೊಟ್ಟೆ ಮೇಲೆ ಜೇಬಿರುವ ಸ್ವೆಟ್‌ಶರ್ಟ್. ಬೇರೆಯವರು ಹುಡಿ ಅನ್ನುತ್ತಾರಲ್ಲ, ಅದು. ಸಸ್ಕ್ಯಾಚುವನ್ ಬಿಟ್ಟು ಬೇರೆ ಕಡೆ ಇದು ಯಾರಿಗೂ ಅರ್ಥವಾಗೋದಿಲ್ಲ. ಮಗುವಿನ ಸ್ಕೂಲಿನಿಂದ "ನಾಳೆ ಬನ್ನಿಹಗ್ ಕಳಿಸಿ" ಅಂದರೆ ಆಟದ ಸಾಮಾನು ಹುಡುಕಬೇಡಿ.

"ಗಿಚ್", "ಗೊಚ್", ಆಲ್ಬರ್ಟಾ ಕಡೆ "ಗೊಂಚ್" ಅಂದರೆ ಚಡ್ಡಿ, ಒಳಗಿನದು. ಪೂರ್ವ ಯುರೋಪಿನಿಂದ ಬಂದವರ ಮನೆಮಾತಿನಿಂದ ಸೇರಿಕೊಂಡದ್ದು. ಗೆಳೆಯರ ಮಧ್ಯೆ ನಡೆಯುತ್ತದೆ, ಅತ್ತೆ ಮಾವನ ಮುಂದೆ ಬೇಡ.

ಊಟ ತಿಂಡಿಯ ಪದಗಳು?

"ಡಿನ್ನರ್" ಬಗ್ಗೆ ಮೊದಲು ಎಚ್ಚರ. ಹಳ್ಳಿ ಕಡೆ ಹಿರಿಯರಿಗೆ ಡಿನ್ನರ್ ಅಂದರೆ ಮಧ್ಯಾಹ್ನದ ಊಟ, ರಾತ್ರಿಯದು "ಸಪ್ಪರ್". ಡಿನ್ನರ್‌ಗೆ ಬನ್ನಿ ಅಂದರೆ ಗಂಟೆ ಎಷ್ಟಕ್ಕೆ ಅಂತ ಕೇಳಿಬಿಡಿ.

"ವೈಕೋ" ಅಂದರೆ ಚಾಕಲೇಟ್ ಹಾಲು, ಸಸ್ಕ್ಯಾಚುವನ್ ಮಾತು. ಅದು ಒಂದು ಬ್ರ್ಯಾಂಡಿನ ಹೆಸರು, ಆಮೇಲೆ ಎಲ್ಲಾ ಚಾಕಲೇಟ್ ಹಾಲಿಗೂ ನಿಂತಿತು. "ಜ್ಯಾಮ್‌ಬಸ್ಟರ್" ಅಂದರೆ ಒಳಗೆ ಜ್ಯಾಮ್ ತುಂಬಿದ ಡೋನಟ್, ಇದು ಮ್ಯಾನಿಟೋಬಾದ್ದು. "ಡೇಂಟೀಸ್" ಅಂದರೆ ಮದುವೆ, ತಿಥಿ ಯಾವುದಕ್ಕಾದರೂ ತಟ್ಟೆಯಲ್ಲಿ ಜೋಡಿಸಿಟ್ಟ ಸಣ್ಣ ಸಿಹಿತುಂಡುಗಳು.

"ಸಸ್ಕಟೂನ್" ಬರೀ ಊರಲ್ಲ, ಹಣ್ಣು ಕೂಡ. ನೇರಳೆ ಬಣ್ಣದ ಸಣ್ಣ ಹಣ್ಣು, ಜುಲೈನಲ್ಲಿ ಸಿಗುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಭಾಷೆಯ ಹಣ್ಣಿನ ಹೆಸರೇ ಊರಿಗೂ ಬಂದದ್ದು. ಅದರ ಪೈ ತಿನ್ನದೆ ಯಾರೂ ಇಲ್ಲಿಂದ ವಾಪಸ್ ಹೋಗಬಾರದು ಅಂತ ನನ್ನ ಅಭಿಪ್ರಾಯ.

"ಪೆರೋಗಿ", "ಬಾಬಾ" ಉಕ್ರೇನ್‌ನವರದ್ದು. 1891ರಿಂದ ಅವರು ಇಲ್ಲಿಗೆ ಬರೋಕೆ ಶುರುಮಾಡಿದರು. ಪೆರೋಗಿ ಅಂದರೆ ಆಲೂಗಡ್ಡೆ ಚೀಸ್ ತುಂಬಿ ಬೇಯಿಸಿದ ಕಡುಬು. ಸಸ್ಯಾಹಾರಿಗಳಿಗೆ ದೊಡ್ಡ ಆಸರೆ, ಆದರೆ ಮೇಲೆ ಬೇಕನ್ ಹಾಕುವ ರೂಢಿ ಇದೆ, ಮೊದಲೇ ಬೇಡ ಅನ್ನಿ. ಬಾಬಾ ಅಂದರೆ ಅಜ್ಜಿ. ನಮ್ಮವರು ಯಾರೋ ಸ್ವಾಮೀಜಿ ಅಂದುಕೊಳ್ಳುತ್ತಾರೆ.

"ಫಾಸ್ಪಾ" ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದವರ ಭಾನುವಾರ ಸಂಜೆಯ ಲಘು ಊಟ. ಬನ್ನು, ಚೀಸು, ಜ್ಯಾಮು, ಕಾಫಿ. ಇವರು 1874ರಲ್ಲಿ ರಷ್ಯಾದ ಆಡಳಿತದ ಹುಲ್ಲುಗಾವಲಿನಿಂದ ಮ್ಯಾನಿಟೋಬಾಕ್ಕೆ ಬಂದವರು.

"ಸೋಷಿಯಲ್" ಟಿಕೆಟ್ ತಗೋ ಅಂತ ಸಹೋದ್ಯೋಗಿ ಹೇಳಿದ್ದಾರೆ. ಮದುವೆಗೆ ಟಿಕೆಟ್ಟಾ?

ಮದುವೆಗಲ್ಲ, ಮದುವೆಗೆ ಮುಂಚಿನ ಪಾರ್ಟಿಗೆ. ಇದು ಮ್ಯಾನಿಟೋಬಾದ ಪದ್ಧತಿ. ಜೋಡಿಗೆ ಖರ್ಚಿಗೆ ಕೈಹಿಡಿಯಲಿ ಅಂತ ಗೆಳೆಯರು ಬಂಧುಗಳು ಒಂದು ಹಾಲ್ ಹಿಡಿದು ಪಾರ್ಟಿ ಮಾಡಿ ಟಿಕೆಟ್ ಮಾರುತ್ತಾರೆ. ಜೋಡಿಯ ಪರಿಚಯವೇ ಇಲ್ಲದವರೂ ಬರುತ್ತಾರೆ, ಅದರಲ್ಲಿ ಏನೂ ತಪ್ಪಿಲ್ಲ. ಕುಡಿಯೋದು, ಕುಣಿಯೋದು, ಬಹುಮಾನದ ಚೀಟಿ ಎತ್ತೋದು. ರಾತ್ರಿ ಹನ್ನೊಂದರ ಹೊತ್ತಿಗೆ ಉದ್ದ ಮೇಜಿನ ಮೇಲೆ ರೈ ಬ್ರೆಡ್ಡು, ತಣ್ಣನೆ ಮಾಂಸದ ಹೋಳು, ಚೌಕ ಕತ್ತರಿಸಿದ ಚೀಸು, ಸೌತೆ ಉಪ್ಪಿನಕಾಯಿ ಬರುತ್ತದೆ. ಅದಕ್ಕೆ "ಲೇಟ್ ಲಂಚ್" ಅಂತ ಹೆಸರು. ಉಡುಗೊರೆ ತರಬೇಕಾಗಿಲ್ಲ. ಟಿಕೆಟ್ ತಗೊಂಡು ಹೋಗಲಾಗದಿದ್ದರೂ ಅವರಿಗೆ ಬೇಜಾರಿಲ್ಲ, ದುಡ್ಡು ಮುಟ್ಟಿತಲ್ಲ. ನನ್ನ ಸಲಹೆ, ಹೋಗಿ. ಊರಿನ ಜನರ ಪರಿಚಯ ಇಷ್ಟು ಬೇಗ ಬೇರೆಲ್ಲೂ ಆಗೋದಿಲ್ಲ.

ಸುಗ್ಗಿ ಮುಗಿದ ಮೇಲೆ ಚರ್ಚಿನಲ್ಲೋ ಸಮುದಾಯ ಭವನದಲ್ಲೋ ನಡೆಯುವ "ಫೌಲ್ ಸಪ್ಪರ್" ಬೇರೆ. ಟರ್ಕಿ ಕೋಳಿಯ ಊಟ ಅದು. ಕೆಟ್ಟದ್ದು ಅನ್ನುವ ಫೌಲ್ ಅಲ್ಲ.

ಹಿರಿಯರು "ನೆಕ್ಸ್ಟ್ ಇಯರ್ ಕಂಟ್ರಿ" ಅನ್ನುತ್ತಾರಲ್ಲ, ಏನದು?

ಮುಂದಿನ ವರ್ಷದ ನಾಡು. ಈ ವರ್ಷ ಬರ ಬಂತು, ಆಲಿಕಲ್ಲು ಬಿತ್ತು, ಮಿಡತೆ ತಿಂತು, ಮುಂದಿನ ವರ್ಷ ಬೆಳೆ ಬಂದೇ ಬರುತ್ತದೆ ಅನ್ನುವ ಮಾತು. ಹಿಂದೆ ದೊಡ್ಡ ನೋವಿದೆ. "ಡರ್ಟಿ ಥರ್ಟೀಸ್" ಅಂದರೆ 1930ರ ದಶಕ. ಸಾಲು ಸಾಲು ಬರ, ಮೇಲ್ಮಣ್ಣೆಲ್ಲ ಧೂಳಾಗಿ ಎದ್ದುಹೋಯಿತು, ಗೋಧಿ ಬೆಲೆಯೂ ಬಿತ್ತು. ದನಕ್ಕೆ ಮೇವಿಲ್ಲದೆ ಮುಳ್ಳುಕಳೆ ಕೊಯ್ದು ಹಾಕಿದರು.

"ಬೆನೆಟ್ ಬಗ್ಗಿ" ಆ ಕಾಲದ್ದೇ. ಪೆಟ್ರೋಲಿಗೆ ಕಾಸಿಲ್ಲದೆ ಕಾರಿನ ಎಂಜಿನ್ ತೆಗೆದು ಮುಂದೆ ಕುದುರೆ ಕಟ್ಟಿದರು. 1930ರಿಂದ 1935ರವರೆಗೆ ಪ್ರಧಾನಿಯಾಗಿದ್ದವರು ಆರ್. ಬಿ. ಬೆನೆಟ್, ಸಿಟ್ಟಿಗೆ ಅವರ ಹೆಸರನ್ನೇ ಇಟ್ಟರು. ಹಳ್ಳಿಯ ಮ್ಯೂಸಿಯಂಗಳಲ್ಲಿ ಇಂಥ ಗಾಡಿ ಇರುತ್ತದೆ, ಹತ್ತಿರ ಹೋಗಿ ನೋಡಿ. ಸ್ಟೀರಿಂಗ್ ಹಾಗೇ ಇದೆ, ಮುಂದಿನ ಗಾಜಿರುವ ಕಡೆಯಿಂದ ಲಗಾಮು ಒಳಗೆ ಬರುತ್ತದೆ.

ಈ ಮಾತುಗಳಲ್ಲಿ ಇಲ್ಲಿನ ಮೂಲನಿವಾಸಿಗಳದ್ದು ಎಷ್ಟು?

ಮೂಲವೇ ಅವರದ್ದು. ಸಸ್ಕ್ಯಾಚುವನ್ ಅಂದರೆ ಕ್ರೀ ಭಾಷೆಯಲ್ಲಿ ರಭಸದಿಂದ ಹರಿಯುವ ನದಿ. ವಿನ್ನಿಪೆಗ್ ಅಂದರೆ ಕೆಸರು ನೀರು. ರಿಜೈನಾಕ್ಕೆ 1882ರಲ್ಲಿ ರಾಣಿ ಅನ್ನುವ ಅರ್ಥದ ಆ ಹೆಸರು ಇಡುವ ಮುಂಚೆ "ಪೈಲ್ ಆಫ್ ಬೋನ್ಸ್" ಅನ್ನುತ್ತಿದ್ದರು, ಮೂಳೆ ರಾಶಿ. ಕ್ರೀ ಜನ ಕಾಡೆಮ್ಮೆಯ ಮೂಳೆಗಳನ್ನು ಅಲ್ಲಿ ಒಟ್ಟಿಡುತ್ತಿದ್ದರು. ಊರ ಮಧ್ಯದ ವಸ್ಕಾನಾ ಕೆರೆಯ ಹೆಸರಿನಲ್ಲಿ ಆ ಕ್ರೀ ಪದ ಇವತ್ತಿಗೂ ಇದೆ.

ಕ್ರೀ ಮತ್ತಿತರ ಮೂಲನಿವಾಸಿ ಹೆಂಗಸರು, ಫ್ರೆಂಚ್ ವ್ಯಾಪಾರಿಗಳ ಮನೆತನಗಳಿಂದ ಬೆಳೆದ ಮೆಟೀ ಜನರ ಭಾಷೆ "ಮಿಚಿಫ್". ಅದರಲ್ಲಿ ನಾಮಪದ ಹೆಚ್ಚಾಗಿ ಫ್ರೆಂಚಿನದು, ಕ್ರಿಯಾಪದ ಕ್ರೀಯದು. ಈಗ ಮಾತಾಡುವವರು ತೀರಾ ಕಡಿಮೆ. ಇದನ್ನು ಉಳಿಸೋಕೆ ಹಿರಿಯರು ಮಕ್ಕಳಿಗೆ ಪಾಠ ಮಾಡುತ್ತಿದ್ದಾರೆ.

ರಿಜೈನಾ ಕಡೆ ಸಭೆ ಶುರುವಾಗುವಾಗ "ಇದು ಟ್ರೀಟಿ ಫೋರ್ ನೆಲ" ಅಂತ ಹೇಳೋದು ಕೇಳುತ್ತೀರಿ. ಮೂಲನಿವಾಸಿಗಳ ಜೊತೆ 1874ರಲ್ಲಿ ಆದ ಒಪ್ಪಂದ ಅದು. ಸಸ್ಕಟೂನ್ ಇರೋದು 1876ರ ಟ್ರೀಟಿ ಸಿಕ್ಸ್ ನೆಲದಲ್ಲಿ. ಇಲ್ಲಿಗೆ ನಿನ್ನೆ ಬಂದ ನಾವೂ ಆ ಒಪ್ಪಂದದ ಒಂದು ಕಡೆಯವರೇ ಅನ್ನೋದಕ್ಕೆ "ವಿ ಆರ್ ಆಲ್ ಟ್ರೀಟಿ ಪೀಪಲ್" ಅನ್ನುತ್ತಾರೆ. ಕ್ರೀ ಹಿರಿಯರು ಸಿಕ್ಕರೆ "ತಾನ್ಸಿ" ಅಂತ ನಮಸ್ಕಾರ ಹೇಳಿ, ಖುಷಿಪಡುತ್ತಾರೆ.

ಯಾವ ಪದ ಬಳಸಬಾರದು?

"ಬೋಹಂಕ್". ಉಕ್ರೇನ್ ಮತ್ತು ಪೂರ್ವ ಯುರೋಪಿನವರನ್ನು ಹೀಯಾಳಿಸೋಕೆ ಹಿಂದೆ ಬಳಸುತ್ತಿದ್ದ ಬೈಗುಳ. ಅವರವರೇ ಅಂದುಕೊಂಡು ನಕ್ಕರೂ ನಾವು ಅನ್ನಬಾರದು. "ಸ್ಟಬಲ್ ಜಂಪರ್", ಕೂಳೆ ಹಾರುವವರು, ಅಂದರೆ ಪ್ರೇರಿಯ ಹಳ್ಳಿಯವರು. ಇದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಆದರೆ ಹೊರಗಿನವರು ಹೇಳಿದರೆ ಧ್ವನಿ ನೋಡುತ್ತಾರೆ. ಪರಿಚಯ ಆಗುವ ತನಕ ತಡೆಯಿರಿ.

ಗೋಫರ್, ರೈಡರ್ಸ್?

ಗೋಫರ್ ಅಂದರೆ ಹೊಲದಲ್ಲಿ ಬಿಲ ತೋಡುವ ನೆಲ ಅಳಿಲು, ರೈತರ ಶತ್ರು. ರೈಡರ್ಸ್ ಅಂದರೆ ಸಸ್ಕ್ಯಾಚುವನ್ ರಫ್‌ರೈಡರ್ಸ್ ಅನ್ನುವ ಕೆನಡಿಯನ್ ಫುಟ್‌ಬಾಲ್ ತಂಡ, ನಮ್ಮ ಕಾಲ್ಚೆಂಡಿನದಲ್ಲ. ಅವರ ಮ್ಯಾಸ್ಕಾಟ್, ಅಂದರೆ ಮೈದಾನದಲ್ಲಿ ಓಡಾಡುವ ವೇಷಧಾರಿ ಗೊಂಬೆ, ಗೋಫರ್ರೇ. ಪಂದ್ಯದ ದಿನ ಜನ ಕಲ್ಲಂಗಡಿ ಹಣ್ಣು ಕೊರೆದು ತಲೆಗೆ ಹೆಲ್ಮೆಟ್ ಥರ ಹಾಕಿಕೊಂಡು ಬರುತ್ತಾರೆ. ಹಸಿರು ಬಟ್ಟೆ ಒಂದು ಇಟ್ಟುಕೊಂಡಿರಿ.

ಇವನ್ನೆಲ್ಲ ಕಿವಿಯಾರೆ ಕೇಳೋದು ಎಲ್ಲಿ?

"ಕಾಫಿ ರೋ"ನಲ್ಲಿ. ಸಣ್ಣ ಊರಿನ ಕೆಫೆಯಲ್ಲೋ ಸಹಕಾರ ಸಂಘದ ಅಂಗಡಿಯಲ್ಲೋ ಬೆಳಗಿನ ಹೊತ್ತು ರೈತರು ಒಂದೇ ಮೇಜಿನ ಸುತ್ತ ಕೂತು ಮಳೆ, ಬೆಲೆ, ಊರ ಸುದ್ದಿ ಮಾತಾಡುತ್ತಾರೆ. ಅದೇ ಕಾಫಿ ರೋ. ನಗರದ ಕಾಫಿ ಅಂಗಡಿಗಳಲ್ಲಿ ಇದು ಸಿಗೋದಿಲ್ಲ, ಒಂದು ಗಂಟೆ ಗಾಡಿ ಓಡಿಸಬೇಕು. ಪಕ್ಕದ ಮೇಜಿನಲ್ಲಿ ಕೂತುಕೊಳ್ಳಿ. ಎಲ್ಲಿಂದ ಬಂದಿರಿ ಅಂತ ಅವರೇ ಕೇಳುತ್ತಾರೆ. ಇಂಡಿಯಾ ಅಂದರೆ ಮಸೂರ್, ಬಟಾಣಿ ಬೆಳೆದವರು ಯಾರಾದರೂ ಅಲ್ಲಿ ಇದ್ದೇ ಇರುತ್ತಾರೆ, ನೀವು ಅದನ್ನು ಹೇಗೆ ಅಡುಗೆ ಮಾಡುತ್ತೀರಿ ಅಂತ ವಿಚಾರಿಸುತ್ತಾರೆ. ಮೇ ತಿಂಗಳ ಬಿತ್ತನೆ, ಆಗಸ್ಟ್ ಸೆಪ್ಟೆಂಬರ್‌ನ ಕೊಯ್ಲಿನಲ್ಲಿ ಮೇಜು ಖಾಲಿ ಇರುತ್ತದೆ. ನವೆಂಬರ್ ಮೇಲೆ ಹೋಗಿ, ಗಾಡಿ ಪ್ಲಗ್ ಇನ್ ಮಾಡುವ ಜಾಗ ಇದೆಯಾ ಅಂತ ನೋಡಿಕೊಂಡು.